ತುಮಕೂರಲ್ಲಿ ಮಕ್ಕಳ ಹಲ್ಲಿಗೆ ನಂಬಿಕೆಯ ಡಾಕ್ಟರ್ ಎಲ್ಲಿ ಸಿಗುತ್ತಾರೆ? ಆಯುಷ್ಮಾನ್ ಕಾರ್ಡ್ ನಡೆಯುತ್ತಾ?

ಶಿರಾಗೇಟ್ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಆರು ವರ್ಷ, ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. ಎಡಗಡೆ ಕೆಳಗಿನ ದವಡೆ ಹಲ್ಲು ಹುಳುಕಾಗಿದೆ. ಹಗಲೆಲ್ಲಾ ಆಡಿಕೊಂಡಿರುತ್ತಾಳೆ, ರಾತ್ರಿ ಮಲಗಿದ ಮೇಲೆ ನೋವು ಅಂತ ಎದ್ದು ಕೂರುತ್ತಾಳೆ. ಮನೆ ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದೆವು. ಟಾರ್ಚ್ ಬಿಟ್ಟು ನೋಡಿದರು, ಎಕ್ಸ್‌ರೇ ತೆಗೆಯಲಿಲ್ಲ. ಎಂಟು ಹಲ್ಲಿಗೂ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು, ಒಂದಕ್ಕೆ 3,500 ಅಂದರು. ಅಲ್ಲಿಗೆ 28,000. ನಮ್ಮ ಮನೆಯವರು ಗಾರೆ ಕೆಲಸ ಮಾಡುತ್ತಾರೆ. ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್ ಕಾರ್ಡೂ ಮಾಡಿಸಿದ್ದೇವೆ. ತೋರಿಸಿದರೆ "ಇದು ಹಲ್ಲಿಗೆ ಬರಲ್ಲ" ಅಂದರು. ಐದು ಲಕ್ಷದವರೆಗೂ ಫ್ರೀ ಅಂತ ಬೋರ್ಡ್ ಹಾಕಿರುತ್ತಾರಲ್ವಾ? ಹಾಗಾದರೆ ಅದು ಯಾತಕ್ಕೆ? ಮಕ್ಕಳ ಹಲ್ಲು ನೋಡುವ ಒಳ್ಳೆಯ ಡಾಕ್ಟರ್ ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಗುಬ್ಬಿ ಮೇಷ್ಟ್ರು
ಅಕ್ಕಾ, ಕ್ಲಿನಿಕ್‌ನವರು ಕಾರ್ಡ್ ಬಗ್ಗೆ ಹೇಳಿದ್ದು ಸುಳ್ಳಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅಂದರೆ ಮುಖ್ಯವಾಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿ ತೆಗೆದುಕೊಳ್ಳುವ ಚಿಕಿತ್ಸೆಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಹೋಗಿ, ತೋರಿಸಿ, ಸಂಜೆ ಮನೆಗೆ ಬರುವ ಓಪಿಡಿ ಕೆಲಸ ಇದರಲ್ಲಿ ಬರುವುದಿಲ್ಲ. ಹಲ್ಲು ತುಂಬಿಸುವುದು, ರೂಟ್ ಕೆನಾಲ್, ಅಂದಕ್ಕಾಗಿ ಮಾಡಿಸುವುದು ಎಲ್ಲಾ ಹೊರಗೆ. ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಅಡ್ಮಿಟ್ ಮಾಡಲೇಬೇಕು ಅನ್ನುವಂತಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ದವಡೆ ಮೂಳೆ ಮುರಿದರೆ ಬರುತ್ತದೆ. ಹಲ್ಲು ಹುಳುಕಾದರೆ ಬರುವುದಿಲ್ಲ.

ಹಾಗಂತ ಕಾರ್ಡ್ ಇಲ್ಲದೆ ದಾರಿ ಇಲ್ಲ ಅಂತಲ್ಲ. ನಿಮ್ಮ ಮಗಳು ಸರ್ಕಾರಿ ಶಾಲೆ ಅಂದಿರಲ್ಲ, ಅಲ್ಲೇ ಒಂದು ದಾರಿ ಇದೆ. ಸಂಜೆ ಬಿಡುವಾದಾಗ ಬರೆಯುತ್ತೇನೆ.

ಮಧುಗಿರಿ ಬೆಟ್ಟ
ದಂತ ಭಾಗ್ಯ ಅಂತ ಒಂದು ಯೋಜನೆ ಇತ್ತಲ್ಲ, ಅದರಲ್ಲಿ ಫ್ರೀ ಮಾಡುತ್ತಾರೆ. ಕೇಳಿ ನೋಡಿ.

ಅಂಗನವಾಡಿ ಟೀಚರ್
ದಂತ ಭಾಗ್ಯ ವಯಸ್ಸಾದವರಿಗೆ ಅಣ್ಣ. ಬಿಪಿಎಲ್ ಹಿರಿಯರಿಗೆ ಕಟ್ಟು ಹಲ್ಲು ಕೊಡುವ ಯೋಜನೆ ಅದು. ಮಕ್ಕಳಿಗಲ್ಲ.

ಮೇಷ್ಟ್ರು ಹೇಳಲು ಹೊರಟಿದ್ದು ಆರ್‌ಬಿಎಸ್‌ಕೆ ಅಂತ ಕಾಣುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, 2013ರಲ್ಲಿ ಶುರುವಾಗಿದ್ದು. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ. ನಮ್ಮ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ವರ್ಷಕ್ಕೆ ಒಂದು ಸಲ ಡಾಕ್ಟರ್ ಟೀಮ್ ಬರಬೇಕು. ಜೀಪಿನಲ್ಲಿ ಬಂದು ಮಕ್ಕಳ ತೂಕ, ಕಣ್ಣು, ಕಿವಿ, ಹೃದಯ ಎಲ್ಲಾ ನೋಡುತ್ತಾರಲ್ಲ, ಅವರೇ. ಅವರು ನೋಡಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನದೂ ಇದೆ, ಸೀಳುತುಟಿಯೂ ಇದೆ. ಏನಾದರೂ ಕಂಡರೆ ಚೀಟಿ ಬರೆದು ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾಸ್ಪತ್ರೆಗೋ ಕಳಿಸುತ್ತಾರೆ. ಚಿಕಿತ್ಸೆಗೆ ನಾವು ದುಡ್ಡು ಕೊಡಬೇಕಿಲ್ಲ.

ಎಷ್ಟೋ ತಂದೆತಾಯಿಗೆ ಆ ಚೀಟಿ ಬ್ಯಾಗಿನಲ್ಲಿ ಬಂದಿದ್ದೇ ಗೊತ್ತಿರಲ್ಲ. ಮಕ್ಕಳು ಅದರಲ್ಲಿ ರಾಕೆಟ್ ಮಾಡಿ ಹಾರಿಸಿರುತ್ತವೆ.

ಶಿರಾಗೇಟ್ ಅಮ್ಮ
ಅಯ್ಯೋ, ಚೀಟಿ ಅಂದ ಮೇಲೆ ನೆನಪಾಯಿತು. ಶಾಲೆಯಲ್ಲಿ ಡಾಕ್ಟರ್ ಬಂದು ಹಲ್ಲು ನೋಡಿದರು ಅಂತ ಇವಳು ಹೇಳಿದ್ದಳು. ಚೀಟಿ ಏನೂ ಸಿಕ್ಕಿಲ್ಲ. ಟೀಮ್ ಇನ್ನೊಂದು ಸಲ ಬರೋವರೆಗೂ ಕಾಯಬೇಕಾ?

ಅಂಗನವಾಡಿ ಟೀಚರ್
ಬೇಡ ಬೇಡ. ಹೆಡ್‌ಮಾಸ್ಟರ್ ಹತ್ತಿರ ಕೇಳಿ, ಟೀಮ್ ಬರೆದಿಟ್ಟ ಪಟ್ಟಿ ಶಾಲೆಯಲ್ಲೂ ಇರುತ್ತದೆ. ಇಲ್ಲದಿದ್ದರೆ ನಿಮ್ಮ ಏರಿಯಾದ ಆಶಾ ಕಾರ್ಯಕರ್ತೆಗೆ ಹೇಳಿ. ಟೀಮ್‌ನ ಡಾಕ್ಟರ್ ನಂಬರ್ ಅವರ ಹತ್ತಿರ ಇರುತ್ತದೆ. ನೋವು ಜಾಸ್ತಿ ಇದ್ದರೆ ಚೀಟಿಗೂ ಕಾಯಬೇಡಿ. ಸೀದಾ ಜಿಲ್ಲಾಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿ ಓಪಿಡಿ ಚೀಟಿ ಮಾಡಿಸಿ. ಬಿಪಿಎಲ್ ಕಾರ್ಡ್ ಜೆರಾಕ್ಸ್, ಮಗುವಿನ ಆಧಾರ್ ಇಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಹೋದಷ್ಟೂ ಒಳ್ಳೆಯದು.

ಕುಣಿಗಲ್ ಕುದುರೆ
ಸರ್ಕಾರಿ ಆಸ್ಪತ್ರೆಗೆ ಹೋದರೆ ಕೀಳುವುದೊಂದೇ ಗೊತ್ತು ಅವರಿಗೆ. ನನ್ನ ತಮ್ಮನ ಮಗನಿಗೆ ಹಾಗೇ ಆಯಿತು. "ಹಾಲು ಹಲ್ಲು ತಾನೇ, ಬಿದ್ದು ಹೋಗುತ್ತೆ" ಅಂತ ಎರಡು ದವಡೆ ಹಲ್ಲು ಕಿತ್ತು ಕಳಿಸಿದರು. ಈಗ ಬಂದಿರೋ ಹಲ್ಲು ಒಂದರ ಮೇಲೊಂದು ಹತ್ತಿಕೊಂಡಿವೆ. ಕಂಬಿ ಹಾಕಿಸಿ ಅಂತ ಈಗ ಹೇಳುತ್ತಾರೆ. ಅದಕ್ಕೆ ಯಾವ ಕಾರ್ಡು ನಡೆಯುತ್ತೆ ಹೇಳಿ?

ಹಲ್ಲಿನ ಡಾಕ್ಟರಮ್ಮ
ನಾನು ಮಕ್ಕಳ ದಂತ ವೈದ್ಯೆ. ಕೆಲಸ ಬೆಂಗಳೂರಿನಲ್ಲಿ, ತವರು ತುರುವೇಕೆರೆ ಕಡೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಮೊದಲು ಕುಣಿಗಲ್‌ನವರಿಗೆ. ನೀವು ಹೇಳಿದ ತೊಂದರೆ ನಿಜ. ಮಕ್ಕಳಿಗೆ ಒಟ್ಟು 20 ಹಾಲು ಹಲ್ಲು. ಮುಂದಿನವು ಆರೇಳು ವರ್ಷಕ್ಕೆ ಬೀಳಲು ಶುರುವಾಗುತ್ತವೆ. ಹಿಂದಿನ ದವಡೆ ಹಲ್ಲುಗಳು ಮಾತ್ರ ಹತ್ತು, ಹನ್ನೊಂದು, ಹನ್ನೆರಡರವರೆಗೂ ಇರಬೇಕು. ಅವು ಅಗಿಯುವುದಕ್ಕೆ ಮಾತ್ರ ಅಲ್ಲ, ಕೆಳಗೆ ಬರುತ್ತಿರುವ ಹಲ್ಲಿಗೆ ಜಾಗ ಹಿಡಿದಿಟ್ಟಿರುತ್ತವೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಅಂದುಕೊಳ್ಳಿ. ಆರನೇ ವರ್ಷಕ್ಕೆ ಕಿತ್ತರೆ ಹಿಂದಿನ ಹಲ್ಲು ಮುಂದಕ್ಕೆ ಜರುಗಿ ಜಾಗ ಮುಚ್ಚಿ ಹೋಗುತ್ತದೆ. ಕೀಳಲೇಬೇಕಾದರೆ ಜಾಗ ಉಳಿಸಲು ಒಂದು ಸಣ್ಣ ಕಂಬಿ ಹಾಕುತ್ತೇವೆ, ಸ್ಪೇಸ್ ಮೇಂಟೇನರ್ ಅಂತ. ಆದ್ದರಿಂದ ಯಾರಾದರೂ "ಕೀಳೋಣ" ಅಂದರೆ "ಜಾಗಕ್ಕೆ ಏನು ಮಾಡುತ್ತೀರಿ ಡಾಕ್ಟ್ರೇ?" ಅಂತ ಕೇಳಿ. ಈ ಒಂದು ಪ್ರಶ್ನೆ ಸಾಕು, ಎದುರಿಗಿರುವವರು ಎಷ್ಟು ಯೋಚಿಸಿದ್ದಾರೆ ಅಂತ ಗೊತ್ತಾಗುತ್ತದೆ.

ಆದರೆ ಕೀಳುವುದೆಲ್ಲಾ ತಪ್ಪಲ್ಲ. ಬೇರು ಕರಗಿ ಹೋಗಿ, ಮೂಳೆಯಲ್ಲಿ ಕೀವು ತುಂಬಿದ್ದರೆ ಉಳಿಸಲು ಹೋಗುವುದೇ ತಪ್ಪು. ಒಳಗಿನ ಸೋಂಕು ಕೆಳಗಿರುವ ಶಾಶ್ವತ ಹಲ್ಲಿಗೇ ಪೆಟ್ಟು ಕೊಡಬಹುದು.

ಈಗ ಶಿರಾಗೇಟ್ ಅವರಿಗೆ. ರಾತ್ರಿ ತಾನಾಗಿಯೇ ಬರುವ ನೋವು ಅಂದರೆ ಹುಳುಕು ನರದ ಹತ್ತಿರ ಹೋಗಿದೆ ಅಂತಲೇ ಬಹುತೇಕ ಅರ್ಥ. ಆ ಒಂದು ಹಲ್ಲಿಗೆ ನರದ ಚಿಕಿತ್ಸೆ, ಅಂದರೆ ರೂಟ್ ಕೆನಾಲ್ ಥರದ್ದು, ಬೇಕಾಗಬಹುದು. ಎಂಟಕ್ಕೂ ಬೇಕಾ ಅಂತ ನೋಡದೆ ನಾನು ಹೇಳುವ ಹಾಗಿಲ್ಲ. ಎಂಟೂ ದವಡೆ ಹಲ್ಲು ಹಾಳಾದ ಮಕ್ಕಳನ್ನು ನಾನೇ ನೋಡಿದ್ದೇನೆ, ಬಾಟಲಿ ಹಾಲು ಕುಡಿಯುತ್ತಾ ಮಲಗುವ ಅಭ್ಯಾಸ ಇದ್ದವರಲ್ಲಿ ಅದು ಅಪರೂಪವಲ್ಲ. ಆದರೆ ಎಕ್ಸ್‌ರೇ ಇಲ್ಲದೆ, ಟಾರ್ಚ್ ಬೆಳಕಿನಲ್ಲಿ, ಎಂಟಕ್ಕೂ ಒಂದೇ ಚಿಕಿತ್ಸೆ ಅಂದರೆ ಇನ್ನೊಂದು ಕಡೆ ತೋರಿಸುವುದು ನಿಮ್ಮ ಹಕ್ಕು.

ತುಮಕೂರಿನಲ್ಲೇ ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜು ಇದೆಯಲ್ಲ. ದಂತ ಕಾಲೇಜು ಅಂದ ಮೇಲೆ ಮಕ್ಕಳ ವಿಭಾಗ ಪ್ರತ್ಯೇಕವಾಗಿ ಇರಲೇಬೇಕು, ಪೀಡೋಡಾಂಟಿಕ್ಸ್ ಅಂತ ಬೋರ್ಡ್ ಇರುತ್ತದೆ. ಹೊರಗಿನ ಕ್ಲಿನಿಕ್‌ಗೆ ಹೋಲಿಸಿದರೆ ದರ ತುಂಬಾ ಕಡಿಮೆ. ಬೆಂಗಳೂರಿಗೆ ಬರಲು ಆಗುವುದಾದರೆ ವಿಕ್ಟೋರಿಯಾ ಆಸ್ಪತ್ರೆಯ ಪಕ್ಕ, ಕೋಟೆ ಹತ್ತಿರ ಸರ್ಕಾರಿ ದಂತ ಕಾಲೇಜು ಇದೆ. ತುಮಕೂರಿನಿಂದ ರೈಲಿಗೆ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದು ಮಾರ್ಕೆಟ್ ಬಸ್ ಹತ್ತಿದರೆ ಆಯಿತು.

ತಿಪಟೂರು ಕೊಬ್ಬರಿ
ಕಾಲೇಜಿನಲ್ಲಿ ಸ್ಟೂಡೆಂಟ್ಸ್ ಕೈ ಪಳಗಿಸಿಕೊಳ್ಳುತ್ತಾರೆ ಅಂತಾರಲ್ಲ ಮೇಡಂ. ಮಕ್ಕಳ ಬಾಯಿ ಅಂದರೆ ಸ್ವಲ್ಪ ಭಯವೇ.

ಹಲ್ಲಿನ ಡಾಕ್ಟರಮ್ಮ
ಭಯ ಸಹಜ ಸರ್. ಹಲ್ಲು ನೋಡಿ ಬರೆದುಕೊಳ್ಳುವವರು ಓದುತ್ತಿರುವವರೇ ಇರಬಹುದು. ನರದ ಚಿಕಿತ್ಸೆಯಂಥ ಕೆಲಸವನ್ನು ಸಾಮಾನ್ಯವಾಗಿ ಎಂಡಿಎಸ್, ಅಂದರೆ ಹಲ್ಲಿನ ಮೇಲ್ಮಟ್ಟದ ಡಿಗ್ರಿ, ಓದುತ್ತಿರುವವರು ಮಾಡುತ್ತಾರೆ. ಅವರು ಹಲ್ಲಿನ ಡಾಕ್ಟರ್ ಡಿಗ್ರಿ ಬಿಡಿಎಸ್ ಐದು ವರ್ಷ ಮುಗಿಸಿ ಬಂದ ಡಾಕ್ಟರುಗಳೇ. ಹಿಂದೆ ಪ್ರೊಫೆಸರ್ ನಿಂತಿರುತ್ತಾರೆ, ಒಂದೊಂದು ಹಂತಕ್ಕೂ ಸಹಿ ಹಾಕಬೇಕು. ನಿಜವಾದ ತೊಂದರೆ ಬೇರೆ. ಟೈಮ್ ಜಾಸ್ತಿ ಹಿಡಿಯುತ್ತದೆ. ಒಂದು ಕೆಲಸಕ್ಕೆ ಹಲವು ಸಲ ಕರೆಯುತ್ತಾರೆ. ದಿನಗೂಲಿ ಬಿಟ್ಟು ಬರುವವರಿಗೆ ಅದೇ ದೊಡ್ಡ ಖರ್ಚು. ಮೊದಲ ದಿನವೇ "ನಮ್ಮದು ಕೂಲಿ ಕೆಲಸ, ಆದಷ್ಟು ಒಂದೇ ದಿನ ಜಾಸ್ತಿ ಕೆಲಸ ಮುಗಿಸಿಕೊಡಿ" ಅಂತ ಹೇಳಿಬಿಡಿ. ಹೇಳಿದರೆ ಕೇಳುತ್ತಾರೆ, ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ.

ವಸಂತನರಸಾಪುರ ಶಿಫ್ಟ್
ಇಲ್ಲಿ ಯಾರೂ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಬಗ್ಗೆ ಮಾತೇ ಆಡಿಲ್ಲವಲ್ಲ? ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಸಾವಿರಾರು ಜನಕ್ಕೆ ಇಎಸ್‌ಐ ಇದೆ. ಸಂಬಳ ತಿಂಗಳಿಗೆ 21,000 ಒಳಗಿದ್ದರೆ ನಮ್ಮ ಸಂಬಳದಲ್ಲಿ ಶೇ. 0.75 ಹಿಡಿಯುತ್ತಾರೆ, ಕಂಪನಿಯವರು ಶೇ. 3.25 ಕಟ್ಟುತ್ತಾರೆ. ಪೇ ಸ್ಲಿಪ್ ನೋಡಿ "ಯಾಕಪ್ಪಾ ಹಿಡೀತಾರೆ" ಅಂತ ಬೈಯುವವರೇ ಎಲ್ಲಾ. ಆಯುಷ್ಮಾನ್‌ಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ಏನು ಅಂದರೆ ಇಎಸ್‌ಐನಲ್ಲಿ ಓಪಿಡಿಯೂ ಬರುತ್ತದೆ. ಹೆಂಡತಿ ಮಕ್ಕಳಿಗೂ ಬರುತ್ತದೆ.

ನನ್ನ ಮಗನ ಹಲ್ಲಿಗೆ ನಾನು ಅದರಲ್ಲೇ ಮಾಡಿಸಿದೆ. ಡಿಸ್ಪೆನ್ಸರಿಗೆ ಹೋಗಿ ತೋರಿಸಿದೆ, ಅವರು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಬರೆದುಕೊಟ್ಟರು. ದಂತ ವಿಭಾಗದಲ್ಲಿ ಕ್ಯೂ ಇತ್ತು, ಇಲ್ಲ ಅನ್ನಲ್ಲ. ಆದರೆ ಎಕ್ಸ್‌ರೇ, ಹಲ್ಲು ತುಂಬಿಸಿದ್ದು, ಮಾತ್ರೆ, ಯಾವುದಕ್ಕೂ ದುಡ್ಡು ಕೇಳಲಿಲ್ಲ. ಹೋಗುವ ಮೊದಲು ಎಚ್‌ಆರ್ ಹತ್ತಿರ ಒಂದು ವಿಷಯ ನೋಡಿಸಿ: ನಿಮ್ಮ ಇಎಸ್‌ಐ ಗುರುತಿನ ಇ-ಪೆಹಚಾನ್ ಕಾರ್ಡ್‌ನಲ್ಲಿ ಮಗುವಿನ ಹೆಸರು ಇದೆಯಾ ಅಂತ. ಕೆಲಸಕ್ಕೆ ಸೇರುವಾಗ ಮದುವೆ ಆಗಿರದವರು ಆಮೇಲೆ ಸೇರಿಸಿರುವುದೇ ಇಲ್ಲ. ಅಲ್ಲಿ ಹೋಗಿ ಪೇಚಾಡುತ್ತಾರೆ.

ಕುಣಿಗಲ್ ಕುದುರೆ
ಒಂದು ದಿನದ ರಜೆ, ಬಸ್ ಚಾರ್ಜು, ಊಟ. ಫ್ರೀ ಅಂದರೂ ಫ್ರೀ ಅಲ್ಲ ಬಿಡಿ.

ವಸಂತನರಸಾಪುರ ಶಿಫ್ಟ್
ಸರಿ ಅಣ್ಣ, ಆದರೆ 28,000ದ ಪಕ್ಕ ಇಟ್ಟು ನೋಡಿ. ನೈಟ್ ಶಿಫ್ಟ್ ಮುಗಿಸಿ ಹಾಗೇ ಹೋದರೆ ರಜೆಯೂ ಬೇಡ. ನಿದ್ದೆ ರೈಲಲ್ಲಿ.

ಗುಬ್ಬಿ ಮೇಷ್ಟ್ರು
ಕಾರ್ಡ್ ವಿಷಯ ಬಿಟ್ಟು, ನಂಬಿಕೆ ವಿಷಯಕ್ಕೆ ಬರೋಣ. ಅಕ್ಕ ಕೇಳಿದ್ದು ಅದನ್ನೇ ಅಲ್ವಾ.

ನಮ್ಮಲ್ಲಿ ಡಾಕ್ಟರನ್ನು ಹುಡುಕುವುದು ಹೇಗೆ? ಪಕ್ಕದ ಮನೆಯವರು ಹೇಳಿದರು, ಮೆಡಿಕಲ್ ಸ್ಟೋರ್‌ನವನು ಹೇಳಿದ, ಗೂಗಲ್‌ನಲ್ಲಿ ಐದು ಸ್ಟಾರ್ ಇತ್ತು. ಇವು ಮೂರೂ ನನಗೆ ಸಮಾಧಾನ ತರುವುದಿಲ್ಲ. ಬದಲಿಗೆ ನಾನು ನೋಡುವುದು ಬೋರ್ಡು. ಖಾಸಗಿ ಕ್ಲಿನಿಕ್ ಯಾವುದೇ ಇರಲಿ, 2007ರ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ನೋಂದಣಿ ಇರಬೇಕು, ಆ ಪತ್ರ ಕಾಣುವ ಹಾಗೆ ತೂಗು ಹಾಕಿರಬೇಕು, ಚಿಕಿತ್ಸೆ ದರವನ್ನೂ ಹಾಕಿರಬೇಕು. ಡಾಕ್ಟರ ಹೆಸರಿನ ಮುಂದೆ ಬಿಡಿಎಸ್ ಇದೆಯಾ, ಎಂಡಿಎಸ್ ಇದೆಯಾ, ಎಂಡಿಎಸ್ ಆದರೆ ಯಾವುದರಲ್ಲಿ? ಮಕ್ಕಳ ಹಲ್ಲಿನ ಮೇಲೆ ಮಾಡಿದ್ದರೆ ಅದನ್ನು ಬರೆದುಕೊಂಡಿರುತ್ತಾರೆ. ರಾಜ್ಯ ದಂತ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಶಿರಾ, ಪಾವಗಡದ ಕಡೆ ಸಂತೆ ದಿನ ಹಲ್ಲು ಕಟ್ಟುವವರು ಟೇಬಲ್ ಹಾಕಿಕೊಂಡು ಕೂರುತ್ತಿದ್ದುದನ್ನು ನಾನು ನೋಡಿದ್ದೇನೆ. ಅವರ ಹತ್ತಿರ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ.

ಕ್ಲಿನಿಕ್ ಮೇಲೆ ದೂರು ಕೊಡಬೇಕು ಅಂದರೆ ಜಿಲ್ಲಾ ಮಟ್ಟದಲ್ಲಿ ಒಂದು ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಸದಸ್ಯ ಕಾರ್ಯದರ್ಶಿ. ದರ ಜಾಸ್ತಿ ಅನಿಸಿತು ಅನ್ನುವುದಕ್ಕೆ ದೂರು ನಿಲ್ಲುವುದಿಲ್ಲ. ಬಿಲ್ ಕೊಡಲಿಲ್ಲ, ಎಕ್ಸ್‌ರೇ ಕೊಡಲಿಲ್ಲ, ನೋಂದಣಿಯೇ ಇಲ್ಲ ಅನ್ನುವಂಥದ್ದು ನಿಲ್ಲುತ್ತದೆ.

ಮಧುಗಿರಿ ಬೆಟ್ಟ
ಮೇಷ್ಟ್ರೇ, ಹಳ್ಳಿಯಲ್ಲಿ ಬೋರ್ಡ್ ಓದಿ ಯಾರು ಡಾಕ್ಟರ್ ಹತ್ತಿರ ಹೋಗುತ್ತಾರೆ. ಮಗು ಕಿರುಚುತ್ತಿರುತ್ತದೆ, ಬಾಗಿಲು ತೆಗೆದಿರೋ ಕಡೆ ನುಗ್ಗೋದು ಅಷ್ಟೇ.

ನನ್ನ ಲೆಕ್ಕ ಬೇರೆ. ಡಾಕ್ಟರ್ ಮಗು ಹತ್ತಿರ ಮಾತಾಡುತ್ತಾರಾ, ನನ್ನ ಹತ್ತಿರ ಮಾತ್ರ ಮಾತಾಡುತ್ತಾರಾ? ಮಗುವಿನ ಹೆಸರು ಕೇಳದೆ ಬಾಯಿಗೆ ಕನ್ನಡಿ ಹಾಕಿದರೆ ನಾನು ಎದ್ದು ಬರುತ್ತೇನೆ.

ಹಲ್ಲಿನ ಡಾಕ್ಟರಮ್ಮ
ಮಧುಗಿರಿಯವರೇ, ನೀವು ಸುಮ್ನೆ ಹೇಳಿದ ಹಾಗಿದೆ, ಆದರೆ ನಮಗೆ ಕಾಲೇಜಿನಲ್ಲಿ ಕಲಿಸುವುದೇ ಅದು. ಮೊದಲು ಹೇಳು, ಆಮೇಲೆ ತೋರಿಸು, ಆಮೇಲೆ ಮಾಡು. ಡ್ರಿಲ್ಲನ್ನು ಮಗುವಿನ ಉಗುರಿನ ಮೇಲೆ ತಿರುಗಿಸಿ ತೋರಿಸಿ, ನೀರು ಹಾರಿಸಿ ನಗಿಸಿ, ಆಮೇಲೆ ಬಾಯಿಗೆ. ಮೊದಲ ದಿನ ತೀರಾ ನೋವಿಲ್ಲದ ಮಗುವಿಗೆ ನಾವು ಬೇಕಂತಲೇ ಏನೂ ಮಾಡದೆ ಕಳಿಸುವುದುಂಟು. ಅಪ್ಪಂದಿರಿಗೆ ಸಿಟ್ಟು ಬರುತ್ತದೆ, ಇಷ್ಟು ದೂರ ಬಂದಿದ್ದಕ್ಕೆ ಬರೀ ಕುರ್ಚಿ ಮೇಲೆ ಕೂರಿಸಿ ಕಳಿಸಿದರು ಅಂತ.

ಅಮ್ಮನನ್ನು ಹೊರಗೆ ಕೂರಿಸುವ ಬಗ್ಗೆ ಕೇಳುತ್ತಾರೆ. ಕೆಲವು ಮಕ್ಕಳು ಅಮ್ಮ ಕಂಡರೆ ಜಾಸ್ತಿ ಅಳುತ್ತವೆ, ಅದು ನಿಜ. ಆದರೆ ಕಾರಣ ಹೇಳಿ, ನಿಮ್ಮ ಒಪ್ಪಿಗೆ ಕೇಳಿ ಹೊರಗೆ ಕೂರಿಸಬೇಕು. ಮೂರು ಜನ ಸೇರಿ ಕೈಕಾಲು ಹಿಡಿದು ಕೆಲಸ ಮುಗಿಸುವುದಾದರೆ ಅದಕ್ಕೂ ಮೊದಲೇ ನಿಮ್ಮನ್ನು ಕೇಳಬೇಕು. ಕೇಳದೆ ಮಾಡಿದರೆ ಮುಂದಿನ ಸಲ ಆ ಮಗು ಬಿಳಿ ಕೋಟು ಕಂಡರೆ ಓಡುತ್ತದೆ.

ಇನ್ನೊಂದು ವಿಷಯ. ನಂಬಬಹುದಾದ ಡಾಕ್ಟರ್ ನಿಮಗೆ ಒಂದಕ್ಕಿಂತ ಹೆಚ್ಚು ದಾರಿ ಹೇಳುತ್ತಾರೆ, ಕಡಿಮೆ ಖರ್ಚಿನದನ್ನೂ ಹೇಳುತ್ತಾರೆ. ಉದಾಹರಣೆಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅಂತ ಒಂದು ದ್ರವ ಇದೆ. ಹುಳುಕಿನ ಮೇಲೆ ಹಚ್ಚಿದರೆ ಮುಂದೆ ಹರಡದ ಹಾಗೆ ಅಲ್ಲೇ ನಿಲ್ಲಿಸುತ್ತದೆ. ಇಂಜೆಕ್ಷನ್ ಇಲ್ಲ, ಡ್ರಿಲ್ ಇಲ್ಲ. ಆದರೆ ಆ ಜಾಗ ಕಪ್ಪಾಗುತ್ತದೆ. ಹಿಂದಿನ ಹಾಲು ಹಲ್ಲಾದರೆ ಯಾರಿಗೆ ಕಾಣಬೇಕು? ನರಕ್ಕೆ ತಾಗಿದ ಹಲ್ಲಿಗೆ ಮಾತ್ರ ಇದು ಆಗುವುದಿಲ್ಲ. ಚಿಕ್ಕ ಹುಳುಕಿದ್ದರೆ ಸಿಮೆಂಟ್ ಥರದ ಜಿಐಸಿ ಫಿಲ್ಲಿಂಗ್ ಸಾಕು.

ಪಾವಗಡ ಬಿಸಿಲು
ನಮ್ಮ ಕಡೆಯ ಕಥೆಯೇ ಬೇರೆ ಮೇಡಂ. ಹುಳುಕಲ್ಲ, ಕಲೆ. ಕೊಳವೆಬಾವಿ ನೀರಿನ ಫ್ಲೋರೈಡ್. ನಮ್ಮ ಊರಲ್ಲಿ ನಕ್ಕರೆ ಹಲ್ಲು ನೋಡಿಯೇ ಪಾವಗಡದವರು ಅಂತ ಹೇಳಿಬಿಡಬಹುದು. ಮಗನಿಗೆ ಒಂಬತ್ತು ವರ್ಷ, ಹೊಸದಾಗಿ ಬಂದ ಮುಂದಿನ ಹಲ್ಲಿನ ಮೇಲೆ ಕಂದು ಪಟ್ಟಿ. ಒಂದು ಕ್ಲಿನಿಕ್‌ನಲ್ಲಿ ಇದನ್ನೂ ಹುಳುಕು ಅಂದರು, ತುಂಬಿಸಬೇಕು ಅಂದರು. ನಿಜವಾ?

ಹಲ್ಲಿನ ಡಾಕ್ಟರಮ್ಮ
ನೋಡದೆ ನೂರಕ್ಕೆ ನೂರು ಹೇಳಲಾರೆ. ಆದರೆ ಫ್ಲೋರೈಡ್ ಕಲೆ ಮತ್ತು ಹುಳುಕು ಎರಡೂ ಬೇರೆ ಬೇರೆ. ಕಲೆ ಸಾಮಾನ್ಯವಾಗಿ ಎಡ ಬಲ ಎರಡೂ ಕಡೆ ಜೋಡಿ ಹಲ್ಲುಗಳ ಮೇಲೆ ಒಂದೇ ರೀತಿ ಇರುತ್ತದೆ, ಮೇಲ್ಮೈ ಗಟ್ಟಿಯಾಗಿರುತ್ತದೆ, ನೋವಿರುವುದಿಲ್ಲ. ಹುಳುಕು ಮೆತ್ತಗಿರುತ್ತದೆ, ಗುಳಿ ಬೀಳುತ್ತದೆ, ಊಟ ಸಿಕ್ಕಿಕೊಳ್ಳುತ್ತದೆ. ಕಲೆ ಇದ್ದ ಹಲ್ಲಿಗೂ ಹುಳುಕು ಬರಬಹುದು, ಆದ್ದರಿಂದ ಒಂದು ಸಲ ತೋರಿಸುವುದು ಒಳ್ಳೆಯದೇ. ಕಲೆ ತೆಗೆಸುವುದು ಅಂದಕ್ಕಾಗಿ ಮಾಡಿಸುವ ಕೆಲಸ. ಅದಕ್ಕೆ ಕಾರ್ಡ್ ನಡೆಯುವುದಿಲ್ಲ, ಅವಸರವೂ ಇಲ್ಲ. ಮಗ ದೊಡ್ಡವನಾಗಲಿ.

ಈಗಿನ ಕೆಲಸ ನೀರಿನದು. ಕುಡಿಯುವ ನೀರಿನಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಒಳಗೆ ಫ್ಲೋರೈಡ್ ಇರಬೇಕು, ಬೇರೆ ನೀರೇ ಇಲ್ಲ ಅಂದರೆ 1.5ರವರೆಗೆ. ಹಲ್ಲು ಮೂಳೆಯೊಳಗೆ ಬೆಳೆಯುವಾಗಲೇ ಈ ಕಲೆ ಆಗುವುದು, ಅಂದರೆ ಎಂಟು ವರ್ಷದೊಳಗೆ. ನಿಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅಡುಗೆಗೂ ಶುದ್ಧ ನೀರಿನ ಘಟಕದ ನೀರೇ ಬಳಸಿ. ಕುಡಿಯಲು ಒಂದು ನೀರು, ಸಾರಿಗೆ ಇನ್ನೊಂದು ನೀರು ಅಂತ ಮಾಡುತ್ತಾರೆ, ಉಪಯೋಗವಿಲ್ಲ. ಮತ್ತೆ ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆ ಅನ್ನುವುದು ತಪ್ಪು. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿಯಾಗುತ್ತದೆ.

ಪಾವಗಡ ಬಿಸಿಲು
ನಾವು ಕಾಯಿಸಿಯೇ ಕೊಡುತ್ತಿದ್ದೆವು! ಘಟಕದ ನೀರು ತರುತ್ತೇವೆ, ಆದರೆ ಕರೆಂಟ್ ಇಲ್ಲ, ಫಿಲ್ಟರ್ ಕೆಟ್ಟಿದೆ ಅಂತ ಬಾಗಿಲು ಹಾಕಿದ ದಿನವೇ ಜಾಸ್ತಿ. ಪಂಚಾಯಿತಿಗೆ ಹೇಳಿ ಹೇಳಿ ಸಾಕಾಗಿದೆ. ಅದು ಬೇರೆ ಚರ್ಚೆ ಬಿಡಿ.

ತಿಪಟೂರು ಕೊಬ್ಬರಿ
ಆಯುಷ್ಮಾನ್ ಹಲ್ಲಿಗೆ ಬರಲ್ಲ ಅಂತ ಎಲ್ಲರೂ ಹೇಳುತ್ತಿದ್ದೀರಿ. ನಮ್ಮ ಅಣ್ಣನ ಮಗಳಿಗೆ ಬಂದಿದೆ. ಹುಳುಕು ಹಲ್ಲನ್ನು ಹಾಗೇ ಬಿಟ್ಟಿದ್ದರು. ನೋವು ಬಂದಾಗ ಲವಂಗದ ಎಣ್ಣೆ, ಮೆಡಿಕಲ್‌ನಲ್ಲಿ ಕೇಳಿ ಆ್ಯಂಟಿಬಯೋಟಿಕ್ ಸಿರಪ್. ನೋವು ಹೋಯಿತು ಅಂತ ಸುಮ್ಮನಾದರು. ಒಂದು ಹಬ್ಬದ ಹಿಂದಿನ ದಿನ ಕೆನ್ನೆ ಊದಿಕೊಂಡು ಕಣ್ಣು ಮುಚ್ಚುವ ಹಾಗಾಯಿತು, ಜ್ವರ, ಬಾಯಿ ತೆರೆಯಲು ಆಗುತ್ತಿಲ್ಲ. ತಾಲ್ಲೂಕು ಆಸ್ಪತ್ರೆಗೆ ಹೋದೆವು. ಅವರು ನೋಡಿದ ತಕ್ಷಣ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಡ್ಮಿಟ್ ಮಾಡಿ, ಡ್ರಿಪ್ ಹಾಕಿ, ಕೀವು ತೆಗೆದು, ಆ ಹಲ್ಲು ಕಿತ್ತರು. ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರ ಅವರೇ ಬಂದು ಕಾರ್ಡ್ ಕೇಳಿ ಎಲ್ಲಾ ಬರೆದುಕೊಂಡರು. ನಾವು ದುಡ್ಡು ಕಟ್ಟಲಿಲ್ಲ.

ನೋಡಿ, ಹಲ್ಲು ಚಿಕ್ಕದಿದ್ದಾಗ ಸರ್ಕಾರ ಕೊಡಲ್ಲ, ಮುಖ ಊದಿಕೊಂಡ ಮೇಲೆ ಕೊಡುತ್ತೆ. ಇದು ಯಾವ ಲೆಕ್ಕ?

ಗುಬ್ಬಿ ಮೇಷ್ಟ್ರು
ಬೇಸರದ ಮಾತು ಆದರೂ ಸತ್ಯ. ಇಲ್ಲಿ ಒಂದು ನಿಯಮವನ್ನೂ ಹೇಳಿಬಿಡುತ್ತೇನೆ. ಈ ಯೋಜನೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ರೆಫರಲ್ ಬರೆದುಕೊಡುತ್ತಾರೆ, ಅದನ್ನು ಹಿಡಿದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಇದ್ದರೆ ರೆಫರಲ್ ಬೇಡ. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಅನುಮಾನ ಇದ್ದರೆ 104ಕ್ಕೆ ಅಥವಾ 14555ಕ್ಕೆ ಫೋನ್ ಮಾಡಿ ಕೇಳಿ. ಯೋಜನೆಯಲ್ಲಿ ಅಡ್ಮಿಟ್ ಆದ ಮೇಲೆ ಬಿಪಿಎಲ್‌ನವರ ಹತ್ತಿರ "ಇದಕ್ಕೆ ಸ್ವಲ್ಪ ಕಟ್ಟಿ" ಅಂದರೆ ಅಲ್ಲೇ ಆರೋಗ್ಯಮಿತ್ರರಿಗೆ ಹೇಳಿ, ರಸೀದಿ ಕೇಳಿ.

ಹಲ್ಲಿನ ಡಾಕ್ಟರಮ್ಮ
ತಿಪಟೂರಿನವರು ಬರೆದಿದ್ದನ್ನು ಎಲ್ಲರೂ ಇನ್ನೊಂದು ಸಲ ಓದಿ. ಸಿರಪ್ ಕುಡಿಸಿದರೆ ನೋವು ಹೋಗುತ್ತದೆ, ಹಲ್ಲಿನೊಳಗಿನ ಕೊಳೆ ಹಾಗೇ ಇರುತ್ತದೆ. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲಾಗದಿದ್ದರೆ, ನುಂಗಲು ಕಷ್ಟವಾದರೆ, ಗಂಟಲ ಕೆಳಗೆ ಊದಿದರೆ ರಾತ್ರಿ ಎರಡು ಗಂಟೆಯಾದರೂ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ. ಮಕ್ಕಳಿಗೆ ಆಸ್ಪಿರಿನ್ ಮಾತ್ರೆ ಕೊಡಬೇಡಿ. ಲವಂಗದ ಎಣ್ಣೆ ಒಸಡು ಸುಡುತ್ತದೆ, ಮಕ್ಕಳಿಗೆ ಬೇಡವೇ ಬೇಡ.

ಶಿರಾಗೇಟ್ ಅಮ್ಮ
ಎಲ್ಲರಿಗೂ ಹೇಳಬೇಕಿತ್ತು. ಜಿಲ್ಲಾಸ್ಪತ್ರೆಯಲ್ಲಿ ತೋರಿಸಿ, ಅವರು ಹೇಳಿದ ಮೇಲೆ ದಂತ ಕಾಲೇಜಿಗೂ ಹೋಗಿ ಬಂದೆವು. ಎಕ್ಸ್‌ರೇ ತೆಗೆದು ಕಂಪ್ಯೂಟರ್‌ನಲ್ಲಿ ನನಗೂ ತೋರಿಸಿದರು. ಒಂದು ಹಲ್ಲಿಗೆ ಮಾತ್ರ ನರದ ಚಿಕಿತ್ಸೆ, ಎರಡಕ್ಕೆ ಸಿಮೆಂಟ್, ಉಳಿದವಕ್ಕೆ ಫ್ಲೋರೈಡ್ ಹಚ್ಚಿ ನೋಡಿಕೊಳ್ಳೋಣ ಅಂದರು. ನರದ ಚಿಕಿತ್ಸೆ ಶುರುವಾಗಿದೆ, ಕ್ಯಾಪ್ ಇನ್ನೂ ಹಾಕಬೇಕು. ಮೊದಲು ಹೇಳಿದ್ದರ ಕಾಲು ಭಾಗವೂ ಖರ್ಚಾಗಲ್ಲ ಅನಿಸುತ್ತದೆ. ನೋಡಿದವರು ಚಿಕ್ಕ ವಯಸ್ಸಿನ ಹುಡುಗಿ. ಇವಳ ಜಡೆಯ ರಿಬ್ಬನ್ ಬಗ್ಗೆ ಮಾತಾಡುತ್ತಲೇ ಇಂಜೆಕ್ಷನ್ ಕೊಟ್ಟುಬಿಟ್ಟರು.

ಇನ್ನೊಂದು ಗೊತ್ತಾಯಿತು. ಕೊನೆಯಲ್ಲಿ ಹೊಸದಾಗಿ ಬರುತ್ತಿರುವ ಹಲ್ಲನ್ನು ನಾನು ಹಾಲು ಹಲ್ಲು ಅಂದುಕೊಂಡಿದ್ದೆ. ಅದು ಶಾಶ್ವತ ಹಲ್ಲಂತೆ!

ಹಲ್ಲಿನ ಡಾಕ್ಟರಮ್ಮ
ಒಳ್ಳೆಯದಾಯಿತು ಅಕ್ಕ. ಹೌದು, ಆರನೇ ವರ್ಷಕ್ಕೆ ಹಾಲು ದವಡೆ ಹಲ್ಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ನಾಲ್ಕು ಶಾಶ್ವತ ಹಲ್ಲು ಬರುತ್ತವೆ. ಯಾವುದೂ ಬಿದ್ದಿಲ್ಲವಲ್ಲ ಅಂತ ಎಲ್ಲರೂ ಹಾಲು ಹಲ್ಲು ಅಂದುಕೊಳ್ಳುತ್ತಾರೆ. ಅದು ಹೋದರೆ ಮತ್ತೆ ಬರುವುದಿಲ್ಲ. ಮುಂದಿನ ಸಲ ಹೋದಾಗ "ಹುಳುಕು ಹಿಡಿಯದ ಹಾಗೆ ಅದರ ಗೆರೆಗಳಿಗೆ ಸೀಲೆಂಟ್ ಲೇಪ ಹಾಕಬಹುದಾ" ಅಂತ ಕೇಳಿ. ಇಂಜೆಕ್ಷನ್ ಕೊಟ್ಟ ದಿನ ತುಟಿ ಮರಗಟ್ಟಿರುತ್ತದೆ, ಮಕ್ಕಳು ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತಾರೆ. ಮರಗಟ್ಟಿದ್ದು ಹೋಗುವ ತನಕ ಏನೂ ತಿನ್ನಿಸಬೇಡಿ.

ಕುಣಿಗಲ್ ಕುದುರೆ
ಸರಿ, ನಾನೂ ತಮ್ಮನಿಗೆ ಕಾಲೇಜಿಗೆ ಹೋಗಿ ಕಂಬಿ ಬಗ್ಗೆ ಕೇಳು ಅಂದಿದ್ದೇನೆ. ಆದರೂ ನನ್ನ ಮಾತು ಅದೇ. ತಾಲ್ಲೂಕಿಗೊಂದು ಕಡೆ ಮಕ್ಕಳ ಹಲ್ಲು ಉಳಿಸುವ ವ್ಯವಸ್ಥೆ ಇರಬೇಕು. ಎಲ್ಲರೂ ತುಮಕೂರಿಗೇ ಓಡುತ್ತಾ ಇರೋಕಾಗುತ್ತಾ?

ಮಧುಗಿರಿ ಬೆಟ್ಟ
ಒಂದು ಪ್ರಶ್ನೆ ಉಳಿದಿದೆ. ನನ್ನ ತಂಗಿ ಮಗುವಿಗೆ ನಾಲ್ಕು ವರ್ಷ. ಅವಳ ರೇಷನ್ ಕಾರ್ಡ್‌ನಲ್ಲಿ ಮಗು ಹೆಸರೇ ಇಲ್ಲ. ಹೆಸರು ಸೇರಿಸುವ ತನಕ ಸರ್ಕಾರಿ ಆಸ್ಪತ್ರೆಯಲ್ಲಿ ನೋಡಲ್ವಾ?

ಅಂಗನವಾಡಿ ಟೀಚರ್
ನೋಡುತ್ತಾರೆ ಅಣ್ಣ. ಓಪಿಡಿಗೆ ಕಾರ್ಡ್ ಇಲ್ಲದಿದ್ದರೂ ಚೀಟಿ ಕೊಡುತ್ತಾರೆ. ಆರ್‌ಬಿಎಸ್‌ಕೆಗೆ ರೇಷನ್ ಕಾರ್ಡ್ ಕೇಳುವುದೇ ಇಲ್ಲ, ಅಂಗನವಾಡಿಗೆ ಬರುವ ಮಗು ಆದರೆ ಟೀಮ್ ನೋಡುತ್ತದೆ. ತೊಂದರೆ ಆಗುವುದು ಅಡ್ಮಿಟ್ ಮಾಡುವ ಪರಿಸ್ಥಿತಿ ಬಂದು ಬಿಪಿಎಲ್ ಲೆಕ್ಕದಲ್ಲಿ ಆಯುಷ್ಮಾನ್ ಬೇಕು ಅಂದಾಗ. ಆಗ ಮಗು ಆ ಕುಟುಂಬದ್ದು ಅಂತ ರೇಷನ್ ಕಾರ್ಡ್‌ನಲ್ಲಿ ಕಾಣಬೇಕು. ಈಗಲೇ ಜನನ ಪ್ರಮಾಣ ಪತ್ರ ಮತ್ತು ಮಗುವಿನ ಆಧಾರ್ ತೆಗೆದುಕೊಂಡು ಹೋಗಿ ಸೇರಿಸಲು ಅರ್ಜಿ ಹಾಕಿಸಿ. ಮಗುವಿಗೆ ಐದು ತುಂಬಿದ ಮೇಲೆ ಆಧಾರ್‌ಗೆ ಬೆರಳಚ್ಚು, ಕಣ್ಣಿನ ಗುರುತು ಕೊಟ್ಟು ಅಪ್‌ಡೇಟ್ ಮಾಡಿಸಬೇಕು, ಅದನ್ನೂ ಮರೆಯಬೇಡಿ ಅಂತ ತಂಗಿಗೆ ಹೇಳಿ. ಮತ್ತೆ ಮಗುವನ್ನು ಅಂಗನವಾಡಿಗೆ ಕಳಿಸುತ್ತಿದ್ದಾರಾ? ಇಲ್ಲದಿದ್ದರೆ ಟೀಮ್ ಬರುವ ದಿನವಾದರೂ ಕರೆದುಕೊಂಡು ಬರಲಿ. ಯಾವ ದಿನ ಅಂತ ಅಲ್ಲಿನ ಟೀಚರ್ ಹೇಳುತ್ತಾರೆ.